ಹಳೆಯ ಬಂಗಲೆ ಉಳಿಸಲು ಹಸಿರು ಬಯಲಿನಲ್ಲಿ ಮನೆಗಳು: ಇಂಗ್ಲೆಂಡಿನ ‘ಎನೇಬ್ಲಿಂಗ್ ಡೆವಲಪ್‌ಮೆಂಟ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಒಂದಲ್ಲ ಒಂದು ದಿನ ಬೀದಿಯ ಕಂಬಕ್ಕೆ ಕಟ್ಟಿದ ನೋಟಿಸ್ ಒಂದನ್ನು ಓದುತ್ತಾರೆ. ಊರಾಚೆಯ ಹುಲ್ಲುಗಾವಲಿನಲ್ಲಿ ಎಂಬತ್ತೋ ನೂರೋ ಮನೆಗಳನ್ನು ಕಟ್ಟುವುದಾಗಿಯೂ, ಬಂದ ಹಣದಲ್ಲಿ ಪಕ್ಕದ ಹಳೆಯ ಬಂಗಲೆಯನ್ನು ದುರಸ್ತಿ ಮಾಡುವುದಾಗಿಯೂ ಅದರಲ್ಲಿ ಬರೆದಿರುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಗಾಗಿ ಈ ಪುಟ. ಇಲ್ಲಿ ಹೇಳಿರುವ ನಿಯಮಗಳು ಇಂಗ್ಲೆಂಡಿಗೆ ಸಂಬಂಧಿಸಿದವು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಕಟ್ಟಳೆ ಬೇರೆ.

ಒಂದೇ ಮಾತಿನಲ್ಲಿ ಹೇಳಿ, ಏನಿದು?

ಸಾಮಾನ್ಯವಾಗಿ ಅನುಮತಿ ಸಿಗದ ಜಾಗದಲ್ಲಿ ಮನೆ ಕಟ್ಟಲು ಬಿಟ್ಟು, ಆ ಲಾಭವನ್ನು ಕುಸಿಯುತ್ತಿರುವ ಪಾರಂಪರಿಕ ಕಟ್ಟಡದ ದುರಸ್ತಿಗೆ ಕಟ್ಟಿಹಾಕುವ ವಿನಿಮಯ. ಮನೆಗಳು ಚೆನ್ನಾಗಿವೆ ಎಂದು ಅನುಮತಿ ಕೊಡುವುದಿಲ್ಲ. ಬೇರೆ ದಾರಿ ಇಲ್ಲವೆಂದು ಕೊಡುತ್ತಾರೆ. ಮುಂದಿನ ಎಲ್ಲ ಉತ್ತರಗಳೂ ಈ ವ್ಯತ್ಯಾಸದ ಮೇಲೆ ನಿಂತಿವೆ.

ಇದಕ್ಕೆ ಕಾನೂನಿನ ಆಧಾರವೇನು?

1988ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಮೊನಹನ್ ಪ್ರಕರಣ ಇದರ ತಾಯಿಬೇರು. ಲಂಡನ್ನಿನ ಕೋವೆಂಟ್ ಗಾರ್ಡನ್‌ನ ರಾಯಲ್ ಆಪೆರಾ ಹೌಸ್ ಸುಧಾರಣೆಗೆ ಹಣ ಹೊಂದಿಸಲು, ಯೋಜನಾ ನೀತಿಗೆ ಒಗ್ಗದ ಕಚೇರಿ ಕಟ್ಟಡಗಳಿಗೆ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಅನುಮತಿ ಕೊಟ್ಟಿತ್ತು. ಸ್ಥಳೀಯರು ಪ್ರಶ್ನಿಸಿದರು. ಯೋಜನೆಗೆ ನಿಜವಾದ ಸಂಬಂಧವಿರುವಾಗ ಹಣಕಾಸಿನ ಅಗತ್ಯವನ್ನೂ ಗಣನೆಗೆ ತೆಗೆದುಕೊಳ್ಳಬಹುದು ಎಂದಿತು ನ್ಯಾಯಾಲಯ.

ಈಗ ಇದು ರಾಷ್ಟ್ರೀಯ ಯೋಜನಾ ನೀತಿಯಲ್ಲೇ ಸೇರಿದೆ. 2024ರ ಡಿಸೆಂಬರ್ ಆವೃತ್ತಿಯ 221ನೇ ಪ್ಯಾರಾ ಓದಿ: ನೀತಿ ಮುರಿಯುವುದರಿಂದ ಆಗುವ ನಷ್ಟಕ್ಕಿಂತ ಪಾರಂಪರಿಕ ಆಸ್ತಿಯ ಭವಿಷ್ಯ ಭದ್ರವಾಗುವ ಲಾಭ ಹೆಚ್ಚೇ ಎಂದು ಕೌನ್ಸಿಲ್ ತೂಗಬೇಕು. ತೂಗುವ ವಿಧಾನವನ್ನು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಿವರಿಸಿದೆ. ಆ ಸಂಸ್ಥೆ ಸಲಹೆ ಕೊಡುತ್ತದೆ, ತೀರ್ಮಾನಿಸುವುದು ಕೌನ್ಸಿಲ್.

‘ರಕ್ಷಿತ ಬಯಲು’ ಅಂದರೆ ನಮ್ಮ ಗೋಮಾಳದಂಥದ್ದೇ?

ಅಲ್ಲ, ಮತ್ತು ಈ ತಪ್ಪು ತಿಳಿವಳಿಕೆ ತುಂಬ ಜನರಿಗಿದೆ. ಗೋಮಾಳ ಊರಿನ ದನಕರುಗಳಿಗೆ ಬಿಟ್ಟ ಸರ್ಕಾರಿ ಭೂಮಿ. ಇಂಗ್ಲೆಂಡಿನಲ್ಲಿ ರಕ್ಷಿತ ಬಯಲೆಂದರೆ ಮುಖ್ಯವಾಗಿ ‘ಗ್ರೀನ್ ಬೆಲ್ಟ್’, ಅಂದರೆ ನಗರಗಳ ಸುತ್ತ ಕಟ್ಟಡ ಏಳದಂತೆ ಕಾಯ್ದಿಟ್ಟ ನೆಲ. ಅದರ ಬಹುಪಾಲು ಖಾಸಗಿ ಒಡೆತನದ್ದು. ರಕ್ಷಣೆ ಇರುವುದು ಅದರ ಬಳಕೆಗೆ. ನಗರಗಳು ಎಲ್ಲೆಯಿಲ್ಲದೆ ಹರಡಿ ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವುದು ಅದರ ಮುಖ್ಯ ಉದ್ದೇಶ. ಲಂಡನ್ ಸುತ್ತಲಿನ ಜಾಗಕ್ಕಾಗಿ 1938ರಲ್ಲೇ ಒಂದು ಕಾಯ್ದೆ ಬಂತು. 1955ರಲ್ಲಿ ಸಚಿವ ಡಂಕನ್ ಸ್ಯಾಂಡಿಸ್ ಹೊರಡಿಸಿದ ಸುತ್ತೋಲೆ ಉಳಿದ ನಗರಗಳಿಗೂ ಅದನ್ನು ಹರಡಿತು. ಇಂದು ಇಂಗ್ಲೆಂಡಿನ ನೆಲದ ಶೇಕಡಾ 12–13ರಷ್ಟು ಈ ಪಟ್ಟಿಯಲ್ಲಿದೆ.

ಇದಲ್ಲದೆ ಹತ್ತು ರಾಷ್ಟ್ರೀಯ ಉದ್ಯಾನಗಳಿವೆ, ‘ನ್ಯಾಷನಲ್ ಲ್ಯಾಂಡ್‌ಸ್ಕೇಪ್’ಗಳಿವೆ. ಕಾಟ್ಸ್‌ವೋಲ್ಡ್ಸ್‌ನಂಥ ಈ ಎರಡನೆಯ ಗುಂಪಿಗೆ 2023ರ ನವೆಂಬರ್‌ವರೆಗೆ ‘ಅಸಾಧಾರಣ ನಿಸರ್ಗ ಸೌಂದರ್ಯದ ಪ್ರದೇಶ’ ಎಂಬ ಉದ್ದನೆಯ ಹೆಸರಿತ್ತು. ಗ್ರೀನ್ ಬೆಲ್ಟ್ ಚೆಂದವಾಗಿಯೇ ಇರಬೇಕೆಂದಿಲ್ಲ. ಕುದುರೆ ಲಾಯ, ಒಣಗಿದ ಹೊಲ, ಗಾಲ್ಫ್ ಮೈದಾನ ಏನೂ ಇರಬಹುದು. ಅದು ಖಾಲಿ ಇರುವುದೇ ಅದರ ಕೆಲಸ.

ಅರಮನೆಯಂಥ ಮನೆಯ ಒಡೆಯರು ಸ್ವಂತ ದುಡ್ಡಿನಲ್ಲಿ ರಿಪೇರಿ ಮಾಡಿಸಿಕೊಳ್ಳಲಿ ಬಿಡಿ!

ಅತಿ ಹೆಚ್ಚು ಜನ ಕೇಳುವುದು ಇದನ್ನೇ, ಸಿಟ್ಟಿನಿಂದಲೇ ಕೇಳುತ್ತಾರೆ. ನನಗೂ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ನಿಯಮ ನೋಡುವುದು ಕಟ್ಟಡದ ಸಮಸ್ಯೆಯನ್ನು, ಒಡೆಯರ ಜೇಬನ್ನಲ್ಲ. ಒಡೆಯರಿಗೆ ಸಾಲವಿದೆ, ವ್ಯಾಪಾರ ಮುಳುಗಿದೆ, ಆಸ್ತಿಗೆ ಹೆಚ್ಚು ಬೆಲೆ ತೆತ್ತುಬಿಟ್ಟಿದ್ದಾರೆ: ಇವು ಯಾವುವೂ ಕಾರಣಗಳಾಗವು. ಯಾರ ಕೈಯಲ್ಲಿದ್ದರೂ ಈ ಕಟ್ಟಡವನ್ನು ಉಳಿಸಲು ಹಾಕುವ ಹಣ ವಾಪಸು ಬರುವುದಿಲ್ಲ ಎಂಬುದನ್ನು ತೋರಿಸಬೇಕು. ಸಾಮಾನ್ಯವಾಗಿ, ‘ಇದನ್ನು ಈ ಸ್ಥಿತಿಯಲ್ಲೇ ಕೊಂಡು ದುರಸ್ತಿ ಮಾಡುವ ಬೇರೆಯವರು ಇದ್ದಾರೆಯೇ’ ಎಂದು ನ್ಯಾಯವಾದ ಬೆಲೆಗೆ ಮಾರಾಟಕ್ಕಿಟ್ಟು ನೋಡಿರಲೂ ಬೇಕು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ಅದರ ಮೇಲಿನ ವ್ಯಾಟ್ ಸೊನ್ನೆ. ಹಳೆಯ ಕಟ್ಟಡದ ಚಾವಣಿ ದುರಸ್ತಿ ಮಾಡಿಸಿದರೆ ಶೇಕಡಾ 20. ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿರುವ (‘ಲಿಸ್ಟೆಡ್’) ಕಟ್ಟಡಗಳಲ್ಲಿ ಅನುಮತಿ ಪಡೆದು ಮಾಡುವ ಮಾರ್ಪಾಡುಗಳಿಗಿದ್ದ ಶೂನ್ಯ ತೆರಿಗೆಯನ್ನೂ 2012ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಅಂದರೆ ಹಳೆಯದನ್ನು ಕಾಪಾಡುವವನಿಗೆ ದಂಡ, ಬಯಲಿನ ಮೇಲೆ ಇಟ್ಟಿಗೆ ಇಡುವವನಿಗೆ ವಿನಾಯಿತಿ. ಒಂದು ಕೋಟಿ ಪೌಂಡಿನ ದುರಸ್ತಿಗೆ ಇಪ್ಪತ್ತು ಲಕ್ಷ ಪೌಂಡ್ ತೆರಿಗೆ ಸೇರಿದರೆ, ಆ ಇಪ್ಪತ್ತು ಲಕ್ಷವನ್ನೂ ಹುಲ್ಲುಗಾವಲೇ ಹೊರಬೇಕು. ಇದು ಅನ್ಯಾಯ, ಮತ್ತು ಸರಿಪಡಿಸಲು ಸಂಸತ್ತಿಗೆ ಸಾಧ್ಯವಿರುವ ಅನ್ಯಾಯ.

ಎಷ್ಟು ಮನೆ ಬೇಕೆಂದು ಯಾರು, ಹೇಗೆ ಲೆಕ್ಕ ಹಾಕುತ್ತಾರೆ?

ಎಲ್ಲ ಜಗಳದ ಮೂಲ ಈ ಲೆಕ್ಕ. ದುರಸ್ತಿಯ ಮತ್ತು ಹೊಸ ಬಳಕೆಗೆ ಅಣಿಗೊಳಿಸುವ ಒಟ್ಟು ಖರ್ಚಿನಿಂದ, ಕೆಲಸ ಮುಗಿದ ಮೇಲೆ ಕಟ್ಟಡಕ್ಕಿರುವ ಮಾರುಕಟ್ಟೆ ಬೆಲೆಯನ್ನು ಕಳೆಯಿರಿ. ಉಳಿಯುವುದೇ ‘ಸಂರಕ್ಷಣಾ ಕೊರತೆ’. ಆ ಕೊರತೆ ತುಂಬಲು ಬೇಕಾದಷ್ಟು ಮನೆಗಳು ಮಾತ್ರ, ಒಂದೂ ಹೆಚ್ಚಿಲ್ಲದಂತೆ.

ಅರ್ಥವಾಗಲೆಂದು ಒಂದು ಕಲ್ಪಿತ ಲೆಕ್ಕ ಹಾಕೋಣ. ಬಂಗಲೆಯ ದುರಸ್ತಿಗೆ 90 ಲಕ್ಷ ಪೌಂಡ್ ಬೇಕು. ದುರಸ್ತಿಯಾದ ಬಂಗಲೆಯ ಬೆಲೆ 40 ಲಕ್ಷ. ಕೊರತೆ 50 ಲಕ್ಷ. ಒಂದು ಮನೆ ಮಾರಿದಾಗ ನಿರ್ಮಾಣದ ಖರ್ಚು, ರಸ್ತೆ, ಚರಂಡಿ, ಬಡ್ಡಿ, ಕಟ್ಟುವವರ ಲಾಭ ಎಲ್ಲ ಕಳೆದು 60 ಸಾವಿರ ಉಳಿಯುತ್ತದೆ ಎಂದುಕೊಳ್ಳಿ. ಹಾಗಾದರೆ 84 ಮನೆ ಬೇಕು. ಈಗ 20 ಲಕ್ಷ ಅನುದಾನ ಸಿಕ್ಕಿತು ಅನ್ನಿ. ಕೊರತೆ 30 ಲಕ್ಷಕ್ಕಿಳಿಯಿತು, 50 ಮನೆ ಸಾಕು. ಒಂದು ಅನುದಾನದ ಅರ್ಜಿ ಮೂವತ್ತನಾಲ್ಕು ಮನೆಗಳಷ್ಟು ಬಯಲನ್ನು ಉಳಿಸಿತು. ‘ಅನುದಾನಕ್ಕೆ ಪ್ರಯತ್ನಿಸಿದಿರಾ’ ಎಂಬ ಪ್ರಶ್ನೆಗೆ ಅಷ್ಟು ತೂಕವಿರುವುದು ಇದಕ್ಕೇ.

ಲೆಕ್ಕ ಎಲ್ಲಿ ಉಬ್ಬುತ್ತದೆ ಎಂಬುದನ್ನೂ ನೋಡಿ. ಮಳೆ ಸೋರದಂತೆ, ಗೋಡೆ ಬೀಳದಂತೆ ನೋಡಿಕೊಳ್ಳುವುದು ಸಂರಕ್ಷಣೆ. ಬಂಗಲೆಯನ್ನು ಐಷಾರಾಮಿ ಹೋಟೆಲ್ ಮಾಡಿ ಈಜುಕೊಳ ಹಾಕುವುದು ವ್ಯಾಪಾರ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಕೊರತೆ ಹಿಗ್ಗುತ್ತದೆ, ಮನೆಗಳೂ ಹೆಚ್ಚುತ್ತವೆ. ಜಮೀನಿನ ಬೆಲೆಯನ್ನು ‘ಅನುಮತಿ ಸಿಕ್ಕೇ ಸಿಗುತ್ತದೆ’ ಎಂಬ ಭರವಸೆಯಲ್ಲಿ ಹೆಚ್ಚಿಸಿ ತೋರಿಸುವುದು ಇನ್ನೊಂದು ವಿಧ. ಹೊಲದ ಬೆಲೆ ಹೊಲದ್ದಾಗಿರಬೇಕು. ಕೌನ್ಸಿಲ್ ಸ್ವತಂತ್ರ ಅಂದಾಜುಗಾರರಿಂದ ಪರೀಕ್ಷೆ ಮಾಡಿಸದೆ ಈ ಲೆಕ್ಕವನ್ನು ಒಪ್ಪಿದರೆ, ಅಂಥ ಅನುಮತಿಯ ಮೇಲೆ ನನಗೆ ನಂಬಿಕೆ ಇಲ್ಲ.

ಬೇಕೆಂದೇ ಕಟ್ಟಡವನ್ನು ಹಾಳುಗೆಡವಿ, ಆಮೇಲೆ ‘ಮನೆ ಕಟ್ಟಲು ಬಿಡಿ’ ಎಂದು ಬಂದರೆ?

ಉದ್ದೇಶಪೂರ್ವಕ ನಿರ್ಲಕ್ಷ್ಯಕ್ಕೆ ಸಾಕ್ಷ್ಯವಿದ್ದಲ್ಲಿ ಆ ಹಾಳುಸ್ಥಿತಿಯನ್ನು ಗಣನೆಗೆ ತೆಗೆದುಕೊಳ್ಳಬಾರದು ಎಂದು ರಾಷ್ಟ್ರೀಯ ನೀತಿ ಸ್ಪಷ್ಟವಾಗಿ ಹೇಳುತ್ತದೆ. ಸಾಬೀತು ಮಾಡುವುದು ಕಷ್ಟ. ಪಟ್ಟಿಯಲ್ಲಿರುವ ಕಟ್ಟಡವನ್ನು ಅನುಮತಿ ಇಲ್ಲದೆ ಕೆಡವಿದರೆ ಅಪರಾಧ. ಸುಮ್ಮನೆ ಸೋರಲು ಬಿಟ್ಟರೆ ಅಪರಾಧವಲ್ಲ. ಪಟ್ಟಿಯಲ್ಲಿರುವ ಕಟ್ಟಡಗಳಿಗಾಗಿಯೇ ಇರುವ 1990ರ ಕಾಯ್ದೆಯಡಿ ಕೌನ್ಸಿಲ್‌ಗೆ ಎರಡು ಅಸ್ತ್ರಗಳಿವೆ: 54ನೇ ಸೆಕ್ಷನ್ನಿನಡಿ ತುರ್ತು ಕೆಲಸದ ನೋಟಿಸ್, 48ನೇ ಸೆಕ್ಷನ್ನಿನಡಿ ದುರಸ್ತಿ ನೋಟಿಸ್. ಎರಡನೆಯದು ಕಡ್ಡಾಯ ಸ್ವಾಧೀನದವರೆಗೂ ಹೋಗಬಲ್ಲದು. ನಿಮ್ಮ ಊರಿನ ಬಂಗಲೆಯ ಮೇಲೆ ಇವುಗಳನ್ನು ಯಾವಾಗಲಾದರೂ ಬಳಸಿದ್ದಾರೆಯೇ ಎಂದು ಕೇಳಿ. ಚಾವಣಿಗೆ ಹತ್ತು ಸಾವಿರ ಪೌಂಡ್ ಹಾಕಬೇಕಾದ ವರ್ಷ ಹಾಕದೆ ಬಿಟ್ಟದ್ದೇ ಹತ್ತು ಲಕ್ಷದ ಬಿಲ್ಲಾಗಿ ಬೆಳೆದು ಬಯಲಿನ ಹೆಗಲೇರುತ್ತದೆ.

ಮನೆ ಮಾರಿ ಹಣ ಎಣಿಸಿಕೊಂಡು ಬಂಗಲೆಯನ್ನು ಮರೆತುಬಿಟ್ಟರೆ?

ಈ ಭಯ ನಿಜವಾದದ್ದು. ಮನೆಗಳು ಶಾಶ್ವತ, ಮಾತು ಹಾಗಲ್ಲ. ಅದಕ್ಕೇ 1990ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 106ನೇ ಸೆಕ್ಷನ್ನಿನಡಿ ಒಪ್ಪಂದ ಬರೆಸುತ್ತಾರೆ. ಅದು ಜಮೀನಿಗೆ ಅಂಟಿಕೊಂಡಿರುತ್ತದೆ, ಮಾಲೀಕರು ಬದಲಾದರೂ ಕಳಚುವುದಿಲ್ಲ. ಒಳ್ಳೆಯ ಒಪ್ಪಂದದಲ್ಲಿ ಮೆಟ್ಟಿಲುಗಳಿರುತ್ತವೆ: ಚಾವಣಿ ಮುಗಿಯುವ ಮೊದಲು ಇಷ್ಟು ಮನೆಗಳಿಗೆ ಮಾತ್ರ ಜನ ಬರಬಹುದು, ಇಡೀ ದುರಸ್ತಿ ಮುಗಿಯದೆ ಕೊನೆಯ ಕಂತಿನ ಮನೆಗಳನ್ನು ತುಂಬುವಂತಿಲ್ಲ. ಹಣ ಪ್ರತ್ಯೇಕ ಖಾತೆಯಲ್ಲಿ ಇರಬೇಕು, ಸಾಧ್ಯವಾದರೆ ಬ್ಯಾಂಕ್ ಖಾತರಿ ಬೇಕು. ದುರಸ್ತಿಯಾದ ಮೇಲೆ ಮುಂದಿನ ದಶಕಗಳ ನಿರ್ವಹಣೆಗೆ ಹಣ ಎಲ್ಲಿಂದ ಎಂಬುದೂ ಬರೆದಿರಬೇಕು.

ದುರಸ್ತಿಯನ್ನು ಕೊನೆಗೆ ಇಟ್ಟಿರುವ ಯಾವ ಒಪ್ಪಂದವನ್ನೂ ಒಪ್ಪಬೇಡಿ. ಕಟ್ಟುವ ಕಂಪನಿ ನಡುವೆ ದಿವಾಳಿಯಾದರೆ ಊರಿಗೆ ಉಳಿಯುವುದು ಅರೆಬರೆ ಬಡಾವಣೆ ಮತ್ತು ಮೊದಲಿನಂತೆಯೇ ಸೋರುವ ಬಂಗಲೆ.

ನಿಜವಾಗಿ ನಡೆದ ಉದಾಹರಣೆಗಳಿವೆಯೇ?

ಇವೆ, ಒಂದೊಂದರ ಬಣ್ಣ ಒಂದೊಂದು.

ಚೆಷೈರ್‌ನ ಕಾಂಬರ್ಮಿಯರ್ ಅಬ್ಬೆ ಪಾಠಪುಸ್ತಕಕ್ಕೆ ಹತ್ತಿರದ್ದು. ಮಧ್ಯಯುಗದ ಸನ್ಯಾಸಿ ಮಠ, ಆಮೇಲೆ ಜಮೀನುದಾರರ ಮನೆ. ಅದರ ಉತ್ತರ ಭಾಗ ಕೊಳೆತು ದಶಕಗಳ ಕಾಲ ಬಳಕೆಗೆ ಬಾರದೆ ನಿಂತಿತ್ತು. ಎಸ್ಟೇಟಿನಿಂದ ದೂರದ ಜಾಗದಲ್ಲಿ ಮನೆಗಳಿಗೆ ಅನುಮತಿ ಸಿಕ್ಕಿ, ಆ ಹಣದಲ್ಲಿ ದುರಸ್ತಿ ನಡೆಯಿತು. ಮನೆಗಳು ಕಟ್ಟಡದ ಮಗ್ಗುಲಲ್ಲೇ ಇರಬೇಕೆಂಬ ನಿಯಮವಿಲ್ಲ ಎಂಬುದನ್ನು ಗಮನಿಸಿ. ಮಗ್ಗುಲಲ್ಲೇ ಕಟ್ಟಿ ಬಂಗಲೆಯ ಸುತ್ತಲಿನ ನೋಟವನ್ನೇ ಕೆಡಿಸಿದರೆ ಉಳಿಸಿದ್ದೇನನ್ನು?

ಆಕ್ಸ್‌ಫರ್ಡ್ ಬಳಿಯ ಬ್ಲೆನಿಮ್ ಅರಮನೆ ಬೇರೆಯ ಕಥೆ. 1704ರ ಯುದ್ಧ ಗೆದ್ದ ಮಾರ್ಲ್‌ಬರೋ ಡ್ಯೂಕ್‌ಗಾಗಿ ಕಟ್ಟಿದ್ದು, ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ್ದು ಇಲ್ಲೇ, 1987ರಿಂದ ವಿಶ್ವ ಪರಂಪರೆಯ ತಾಣ. ಸುಮಾರು 4 ಕೋಟಿ ಪೌಂಡಿನ ದುರಸ್ತಿ ಮುಂದಿದೆ ಎಂದು ಎಸ್ಟೇಟು ಹೇಳಿತು. ಪಕ್ಕದ ವುಡ್‌ಸ್ಟಾಕ್ ಪಟ್ಟಣದ ಪೂರ್ವಕ್ಕೆ ಮೊದಲು ಸುಮಾರು 1,500 ಮನೆಗಳ ಪ್ರಸ್ತಾವ ಬಂದಾಗ ಪಟ್ಟಣ ತಿರುಗಿಬಿತ್ತು. ಕೊನೆಗೆ ಮುಂದುವರಿದದ್ದು ಸುಮಾರು 300 ಮನೆಗಳ ಬಡಾವಣೆ, ಅದೂ ವೆಸ್ಟ್ ಆಕ್ಸ್‌ಫರ್ಡ್‌ಶೈರ್‌ನ 2018ರ ಸ್ಥಳೀಯ ಯೋಜನೆಯಲ್ಲಿ, ಅಂದರೆ ಎಲ್ಲೆಲ್ಲಿ ಏನು ಕಟ್ಟಬಹುದೆಂದು ಕೌನ್ಸಿಲ್ ಬರೆದಿಡುವ ದಾಖಲೆಯಲ್ಲಿ, ಗುರುತಿಸಿದ ಜಾಗದಲ್ಲಿ. ಯೋಜನೆಯಲ್ಲೇ ಸೇರಿದ ಮೇಲೆ ನೀತಿ ಮುರಿಯುವ ಪ್ರಶ್ನೆ ಏಳುವುದಿಲ್ಲ. ಸ್ಥಳೀಯ ಯೋಜನೆ ಸಿದ್ಧವಾಗುವಾಗಲೇ ಊರಿನವರು ಬಾಯಿ ತೆರೆಯಬೇಕು ಎನ್ನುವುದು ಈ ಕಾರಣಕ್ಕೆ.

ಬೋಲ್ಟನ್‌ನ ಹಲ್ಟನ್ ಪಾರ್ಕ್ ನನ್ನನ್ನು ಹೆಚ್ಚು ಕಳವಳಗೊಳಿಸುವ ಪ್ರಕರಣ. ಗ್ರೀನ್ ಬೆಲ್ಟ್‌ನಲ್ಲಿರುವ ಹಳೆಯ ಉದ್ಯಾನವನ. ಅದರ ನಡುವಿನ ಮನೆಯನ್ನು 1950ರ ದಶಕದಲ್ಲೇ ಕೆಡವಿಯಾಗಿತ್ತು. ರೈಡರ್ ಕಪ್ ಎಂಬ ದೊಡ್ಡ ಗಾಲ್ಫ್ ಪಂದ್ಯಾವಳಿ ನಡೆಸಬಲ್ಲ ಮೈದಾನ, ಉದ್ಯಾನದ ಪುನರುಜ್ಜೀವನ, ಜೊತೆಗೆ 1,036 ಮನೆಗಳು. ಸಾರ್ವಜನಿಕ ವಿಚಾರಣೆಯ ನಂತರ 2020ರ ಜುಲೈನಲ್ಲಿ ಸಚಿವರು ಒಪ್ಪಿಗೆ ಕೊಟ್ಟರು, ಆ ಪಂದ್ಯಾವಳಿ ಸಿಗಬೇಕೆಂಬ ಷರತ್ತಿನ ಮೇಲೆ. ಉದ್ಯಾನ ನಿಜವಾಗಿಯೂ ಹಾಳಾಗಿತ್ತು, ಬೋಲ್ಟನ್‌ಗೆ ಉದ್ಯೋಗ ಬೇಕಿತ್ತು, ಇವೆರಡೂ ಸತ್ಯ. ಆದರೆ ಸಾವಿರ ಮನೆಗಳ ತಕ್ಕಡಿಯಲ್ಲಿ ಪರಂಪರೆ ಎಷ್ಟು, ಕ್ರೀಡಾ ವ್ಯವಹಾರ ಎಷ್ಟು? ಪರಂಪರೆಯ ಹೆಸರು ಹೀಗೆ ಇತರ ಲಾಭಗಳ ಸಾಲಿನಲ್ಲಿ ಒಂದಾದಾಗ ‘ಕೊರತೆ ತುಂಬುವಷ್ಟು ಮಾತ್ರ’ ಎಂಬ ಕಟ್ಟಳೆ ಸಡಿಲವಾಗುತ್ತದೆ.

ಮನೆ ಕಟ್ಟದೆಯೇ ಉಳಿಸಿದ್ದು ಎಲ್ಲಾದರೂ ಇದೆಯೇ?

ಯಾರ್ಕ್‌ಷೈರ್‌ನ ವೆಂಟ್‌ವರ್ತ್ ವುಡ್‌ಹೌಸ್. ಇಂಗ್ಲೆಂಡಿನ ಅತಿ ಉದ್ದದ ಮುಖಭಾಗವುಳ್ಳ ಮನೆಗಳಲ್ಲಿ ಒಂದು. 2016ರ ಕೊನೆಗೆ ಸರ್ಕಾರ 76 ಲಕ್ಷ ಪೌಂಡ್ ದುರಸ್ತಿಗೆ ಘೋಷಿಸಿತು. 2017ರಲ್ಲಿ ಸಂರಕ್ಷಣಾ ಟ್ರಸ್ಟ್ ಒಂದು 70 ಲಕ್ಷಕ್ಕೆ ಅದನ್ನು ಕೊಂಡು ಚಾವಣಿಯಿಂದ ಕೆಲಸ ಶುರು ಮಾಡಿತು. ಎಲ್ಲ ಕಟ್ಟಡಕ್ಕೂ ಇಂಥ ಅದೃಷ್ಟವಿಲ್ಲ: ಹಿಸ್ಟಾರಿಕ್ ಇಂಗ್ಲೆಂಡಿನ ‘ಅಪಾಯದಲ್ಲಿರುವ ಪರಂಪರೆ’ ಪಟ್ಟಿಯಲ್ಲಿ 4,800ಕ್ಕೂ ಹೆಚ್ಚು ನಮೂದುಗಳಿವೆ. ಆದರೂ ಲಾಟರಿ ಹೆರಿಟೇಜ್ ಫಂಡ್, 1976ರಿಂದ ಸಾಲ ಮತ್ತು ನೆರವು ಕೊಡುತ್ತಿರುವ ಆರ್ಕಿಟೆಕ್ಚರಲ್ ಹೆರಿಟೇಜ್ ಫಂಡ್, ಸ್ಥಳೀಯ ಟ್ರಸ್ಟ್‌ಗಳು, ಈ ಬಾಗಿಲುಗಳನ್ನೆಲ್ಲ ತಟ್ಟಿದ ದಾಖಲೆ ಅರ್ಜಿಯಲ್ಲಿ ಇರಲೇಬೇಕು.

ಮನೆಗಳಿಗೆ ಬರ ಇರುವಾಗ ವಿರೋಧಿಸುವುದು ಸ್ವಾರ್ಥವಲ್ಲವೇ?

ಬಾಡಿಗೆ ಕಟ್ಟಿ ಸುಸ್ತಾದ ಯುವ ದಂಪತಿಗಳ ಬಾಯಲ್ಲಿ ಈ ಪ್ರಶ್ನೆ ಬಂದಾಗ ತಲೆಬಾಗಿ ಕೇಳುತ್ತೇನೆ. ಮನೆಗಳು ಬೇಕು. ಆದರೆ ಈ ಯೋಜನೆಗಳಿಂದ ಕೈಗೆಟಕುವ ಮನೆಗಳು ಕಡಿಮೆ ಬರುತ್ತವೆ. ಅಗ್ಗದ ದರದ ಪ್ರತಿಯೊಂದು ಮನೆಯೂ ಲಾಭ ತಗ್ಗಿಸುತ್ತದೆ. ಆ ಲಾಭವೇ ಬಂಗಲೆಗೆ ಹೋಗಬೇಕಾದ್ದರಿಂದ ‘ಅಗ್ಗದ ಮನೆ ಬೇಡ, ಇಲ್ಲವೇ ಒಟ್ಟು ಮನೆಗಳನ್ನು ಹೆಚ್ಚಿಸಿ’ ಎಂಬ ವಾದ ಬರುತ್ತದೆ. ಕಟ್ಟುವುದು ನಾಲ್ಕೈದು ಕೋಣೆಗಳ ದುಬಾರಿ ಮನೆಗಳನ್ನು. 2024ರ ನೀತಿ ತಂದ ‘ಗ್ರೇ ಬೆಲ್ಟ್’, ಅಂದರೆ ಗ್ರೀನ್ ಬೆಲ್ಟ್‌ನ ಉದ್ದೇಶಕ್ಕೆ ಹೆಚ್ಚು ನೆರವಾಗದ ತುಣುಕುಗಳಲ್ಲಿ ಕಟ್ಟುವ ದಾರಿಯಲ್ಲಿ, ಕೈಗೆಟಕುವ ಮನೆಗಳ ಪಾಲಿಗೆ ಹೆಚ್ಚು ಒತ್ತು ಕೊಡಲಾಗಿದೆ. ಮನೆಯ ಬರ ನಿಮ್ಮ ಕಾಳಜಿಯಾದರೆ ಆ ದಾರಿಯ ಬಗ್ಗೆ ಮಾತನಾಡಿ.

ಇಂಗ್ಲಿಷರ ಬಂಗಲೆ ಉಳಿದರೆಷ್ಟು, ಬಿದ್ದರೆಷ್ಟು? ನಮಗೇನು?

ಈ ಮಾತಿನ ಹಿಂದಿನ ನೋವು ಸಣ್ಣದಲ್ಲ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಟಿಪ್ಪುವಿನ ಹೂಬಳ್ಳಿ ಚಿತ್ತಾರದ ಡೇರೆ ಇವತ್ತು ಇರುವುದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿ, ಅಂದಿನ ಮದ್ರಾಸ್ ಗವರ್ನರ್ ಎಡ್ವರ್ಡ್ ಕ್ಲೈವ್‌ನ ಮನೆತನದ ಸಂಗ್ರಹದಲ್ಲಿ. ಆ ಕೋಟೆ ಪರಂಪರೆ ಕಾಯುವ ದತ್ತಿ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನದು. ಭಾರತದಲ್ಲಿ ಗಳಿಸಿದ ಹಣದಿಂದ ಎದ್ದ ಬಂಗಲೆಗಳು ಇಂಗ್ಲೆಂಡಿನಲ್ಲಿ ಇನ್ನೂ ಹಲವಿವೆ. ಬರ್ಕ್‌ಷೈರ್‌ನ ಬೇಸಿಲ್ಡನ್ ಪಾರ್ಕ್ ಕಟ್ಟಿಸಿದ ಫ್ರಾನ್ಸಿಸ್ ಸೈಕ್ಸ್ ಬಂಗಾಳದಲ್ಲಿ ಶ್ರೀಮಂತನಾದವನು. ಇಂಥ ಗೋಡೆಗಳು ಬಿದ್ದುಹೋದರೆ ನಮ್ಮ ಕಥೆಯ ಸಾಕ್ಷಿಯೂ ಬೀಳುತ್ತದೆ. ರಕ್ಷಿತ ಬಯಲನ್ನು ತೆತ್ತು ಉಳಿಸುವ ಮನೆಯಲ್ಲಿ ಆ ಹಣದ ಮೂಲವನ್ನೂ ಹೇಳುವ ಫಲಕ ಇರಲಿ, ಜನರಿಗೆ ಬಾಗಿಲು ತೆರೆದಿರಲಿ ಎಂದು ಕೇಳುವ ಹಕ್ಕು ನಮಗಿದೆ.

ಕರ್ನಾಟಕದಲ್ಲಿ ಇಂಥ ವಿನಿಮಯ ಉಂಟೇ?

ಈ ರೂಪದಲ್ಲಿ ಇಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬುದು ನಮ್ಮ ಪದ್ಧತಿ. ಹಂಪಿಗೆ ಪ್ರತ್ಯೇಕ ಪ್ರಾಧಿಕಾರವೇ ಇದೆ. ಹತ್ತಿರದ ಹೋಲಿಕೆ ಬೇಕಿದ್ದರೆ ಮುಂಬೈ ನೋಡಿ: 1995ರ ನಿಯಮಗಳಡಿ ಪಾರಂಪರಿಕ ಕಟ್ಟಡದ ಮಾಲೀಕರು ತಾವು ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಬೇರೆಡೆಗೆ ಮಾರಬಹುದು. ಅಲ್ಲಿ ಆ ಹೊರೆ ಬೀಳುವುದು ನಗರದ ಮೇಲೆಯೇ, ಬಯಲಿನ ಮೇಲಲ್ಲ.

ಇಂಥ ಬಡಾವಣೆಯಲ್ಲಿ ಮನೆ ಕೊಳ್ಳಬಹುದೇ?

ಕೊಳ್ಳಬಹುದು. ನಿಮ್ಮ ವಕೀಲರಿಂದ ಮೂರು ವಿಷಯ ತಿಳಿದುಕೊಳ್ಳಿ: 106ನೇ ಸೆಕ್ಷನ್ನಿನ ಹೊಣೆಯಿಂದ ಬಿಡಿ ಮನೆಗಳ ಖರೀದಿದಾರರಿಗೆ ವಿನಾಯಿತಿ ಇದೆಯೇ, ನಿಮ್ಮ ಮನೆಗೆ ಪ್ರವೇಶ ಬಂಗಲೆಯ ದುರಸ್ತಿಯ ಯಾವ ಹಂತಕ್ಕೆ ತಳುಕು ಹಾಕಿಕೊಂಡಿದೆ, ವರ್ಷ ವರ್ಷ ಕಟ್ಟಬೇಕಾದ ನಿರ್ವಹಣಾ ಶುಲ್ಕ ಎಷ್ಟು.

ನಾನು ಭಾರತದ ಪಾಸ್‌ಪೋರ್ಟ್ ಹೊಂದಿದವನು. ಆಕ್ಷೇಪಣೆ ಸಲ್ಲಿಸಬಹುದೇ?

ಧಾರಾಳವಾಗಿ. ಅರ್ಜಿಯ ಬಗ್ಗೆ ಅಭಿಪ್ರಾಯ ಬರೆಯಲು ಪೌರತ್ವ ಬೇಕಿಲ್ಲ. ಅಷ್ಟೇ ಅಲ್ಲ, ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾಗಿ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಈ ಹಕ್ಕನ್ನು ಎಷ್ಟೋ ಜನ ಬಳಸದೆ ಬಿಟ್ಟಿದ್ದಾರೆ ಎಂಬುದು ನನಗೆ ನಿಜವಾದ ಬೇಸರ.

ಸಾಮಾನ್ಯವಾಗಿ ಸಿಗುವ ಕಾಲಾವಕಾಶ 21 ದಿನ. ‘ನನ್ನ ಕಿಟಕಿಯ ನೋಟ ಹೋಗುತ್ತದೆ’, ‘ಮನೆಯ ಬೆಲೆ ಇಳಿಯುತ್ತದೆ’ ಎಂದು ಬರೆದರೆ ಅದಕ್ಕೆ ತೂಕವಿಲ್ಲ. ಕಡತ ತೆರೆದು ಕಟ್ಟಡದ ಸ್ಥಿತಿಗತಿಯ ವರದಿ ಎಂದಿನದು, ಮಾರಾಟಕ್ಕಿಟ್ಟ ದಾಖಲೆ ಎಲ್ಲಿ, ಕೊರತೆಯ ಲೆಕ್ಕವನ್ನು ಯಾರು ಪರೀಕ್ಷಿಸಿದರು, ದುರಸ್ತಿ ಯಾವ ಮನೆಯ ಸಂಖ್ಯೆಗೆ ಮೊದಲು ಮುಗಿಯಬೇಕು ಎಂದು ಕೇಳಿ. ಹಣಕಾಸಿನ ಲೆಕ್ಕ ಸಾರ್ವಜನಿಕರಿಗೆ ಸಿಗಬೇಕು ಎಂಬುದು ಸರ್ಕಾರದ್ದೇ ಮಾರ್ಗದರ್ಶನ. ಗುಟ್ಟೆಂದು ಮುಚ್ಚಿಟ್ಟಿದ್ದರೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಬರೆಯಿರಿ. ಊರಿನ ಮಟ್ಟದ ಪ್ಯಾರಿಷ್ ಕೌನ್ಸಿಲ್‌ನ ಸಭೆಗೆ ಹೋಗಿ. ಗ್ರಾಮೀಣ ಬಯಲಿಗಾಗಿ 1926ರಿಂದ ದುಡಿಯುತ್ತಿರುವ ಸಿಪಿಆರ್‌ಇ ಸಂಸ್ಥೆಯ ಜಿಲ್ಲಾ ಶಾಖೆಯವರು ಇಂಥ ಕಡತಗಳನ್ನು ಓದಿ ಪಳಗಿದವರು.

ಅನುಮತಿ ಕೊಟ್ಟುಬಿಟ್ಟರು. ಮುಂದೇನು?

ಅರ್ಜಿ ತಿರಸ್ಕಾರವಾದರೆ ಅರ್ಜಿದಾರರು ಮೇಲ್ಮನವಿ ಹೋಗಬಹುದು; ಅನುಮತಿ ಸಿಕ್ಕರೆ ಊರಿನವರಿಗೆ ಆ ದಾರಿ ಇಲ್ಲ. ಉಳಿಯುವುದು ಹೈಕೋರ್ಟಿನಲ್ಲಿ ನ್ಯಾಯಿಕ ಪರಿಶೀಲನೆ, ಅದೂ ಆರು ವಾರದೊಳಗೆ. ಅಲ್ಲಿ ತೀರ್ಮಾನ ಸರಿಯೋ ತಪ್ಪೋ ಎಂದು ನೋಡುವುದಿಲ್ಲ, ಕಾನೂನಿನಂತೆ ನಡೆಯಿತೇ ಎಂದಷ್ಟೇ ನೋಡುತ್ತಾರೆ. ಗ್ರೀನ್ ಬೆಲ್ಟ್‌ನ ದೊಡ್ಡ ಯೋಜನೆಗಳನ್ನು ಕೌನ್ಸಿಲ್ ಒಪ್ಪಲು ಹೊರಟಾಗ ಸಚಿವರ ಗಮನಕ್ಕೆ ತರಬೇಕಾಗುತ್ತದೆ. ‘ನೀವೇ ಕೈಗೆತ್ತಿಕೊಳ್ಳಿ’ ಎಂದು ಪತ್ರ ಬರೆಯುವುದಾದರೆ ಅನುಮತಿ ಪತ್ರ ಹೊರಬೀಳುವ ಮೊದಲೇ ಬರೆಯಬೇಕು.

ಅದೂ ಕೈತಪ್ಪಿದರೆ ಒಪ್ಪಂದದ ಪ್ರತಿಯನ್ನು ಕೌನ್ಸಿಲ್‌ನ ಜಾಲತಾಣದಿಂದ ಇಳಿಸಿಕೊಂಡು ಇಟ್ಟುಕೊಳ್ಳಿ. ಎಷ್ಟನೆಯ ಮನೆಗೆ ಜನ ಬಂದರು, ಬಂಗಲೆಯ ಚಾವಣಿಗೆ ಕೈ ಹಚ್ಚಿದರೇ ಎಂದು ಎಣಿಸುತ್ತಿರಿ. ಮಿತಿ ದಾಟಿದ ದಿನ ಕೌನ್ಸಿಲ್‌ನ ಜಾರಿ ಅಧಿಕಾರಿಗೆ ಬರೆಯಿರಿ. ಮೂಲ ಅಧಿಕಾರಿಗಳು ಅಷ್ಟರಲ್ಲಿ ವರ್ಗವಾಗಿರುತ್ತಾರೆ, ಮನೆ ಕಟ್ಟಿದವರು ಬೇರೆ ಊರಿಗೆ ಹೋಗಿರುತ್ತಾರೆ. ಆ ಸಂಖ್ಯೆ ನೆನಪಿಟ್ಟುಕೊಂಡವರು ನೀವೊಬ್ಬರೇ ಆಗಿರಬಹುದು.